ಸಪ್ಪೆ ಸಾರಿನ ವಾರ

ಅರಬಿ ಟೀಚರು ನಮ್ಮ ಮನೆಗೆ ಬಂದದ್ದು ನಮ್ಮ ಒಳ್ಳೆಯತನದಿಂದಲ್ಲ, ನಮ್ಮ ಫ್ರಿಜ್ಜಿನಲ್ಲಿ ಮಾಂಸ ಇಲ್ಲದ್ದರಿಂದ. ಇಲ್ಲಿ ಅಮೆರಿಕದಲ್ಲಿ ಮಗಳ ಹೈಸ್ಕೂಲಿನಲ್ಲಿ ಆ ವರ್ಷ ಅರಬಿ ಭಾಷೆಯ ತರಗತಿ ಹೊಸದಾಗಿ ಶುರುವಾಗಿತ್ತು. ಪಾಠ ಹೇಳುವುದಕ್ಕೆ ಜೋರ್ಡಾನ್ ದೇಶದಿಂದ ಒಬ್ಬ ಟೀಚರನ್ನು ಒಂದು ವರ್ಷದ ಮಟ್ಟಿಗೆ ಕರೆಸುತ್ತಿದ್ದರು. ಅವರನ್ನು ಮನೆಯಲ್ಲಿ ಇಟ್ಟುಕೊಳ್ಳಲು ಒಂದು ಕುಟುಂಬ ಬೇಕಾಗಿತ್ತು. ಪ್ರಿನ್ಸಿಪಾಲರು ಪೋಷಕರಿಗೆಲ್ಲ ಈಮೇಲ್ ಕಳಿಸಿದರು. ಒಪ್ಪಿದವರು ನಾಲ್ಕಾರು ಮಂದಿ, ಅವರಲ್ಲಿ ಒಬ್ಬರ ಮನೆಯಲ್ಲಿ ಸೋಫಾದ ಮೇಲೆಲ್ಲ ನಾಯಿಗಳು, ಇನ್ನೊಬ್ಬರ ಮನೆಯಲ್ಲಿ ದಿನಾ ಬೆಳಿಗ್ಗೆ ಹಂದಿಮಾಂಸ. "ನೀವು ವೆಜಿಟೇರಿಯನ್ ಅಲ್ಲವೇ?" ಎಂದು ಪ್ರಿನ್ಸಿಪಾಲರು ನನಗೆ ಫೋನ್ ಮಾಡಿ ಕೇಳಿದಾಗ ಅವರ ದನಿಯಲ್ಲಿ ಎಂಥ ಸಮಾಧಾನ ಇತ್ತೆಂದರೆ, ಆಗುವುದಿಲ್ಲ ಅನ್ನುವುದಕ್ಕೆ ನನಗೆ ನಾಲಿಗೆ ಏಳಲಿಲ್ಲ.

"ನಮ್ಮ ಮಗಳೂ ಅದೇ ಕ್ಲಾಸಿನಲ್ಲಿದ್ದಾಳೆ, ಪರವಾಗಿಲ್ಲವೇ?" ಎಂದು ಕೇಳಿದೆ. "ಇನ್ನೂ ಒಳ್ಳೆಯದಾಯಿತು!" ಅಂದರು.

ಮಗಳು ಅರಬಿ ಆರಿಸಿಕೊಂಡದ್ದಕ್ಕೆ ಘನವಾದ ಕಾರಣವೇನೂ ಇರಲಿಲ್ಲ. ಸ್ಪ್ಯಾನಿಷ್ ಬೆಳಗಿನ ಮೊದಲ ಪೀರಿಯಡ್ಡಿಗಿತ್ತು, ಅರಬಿ ಊಟದ ನಂತರ. "ಕನ್ನಡಾನ ನೆಟ್ಟಗ ಬರೂದಿಲ್ಲ ಆಕಿಗೆ, ಅರಬಿ ಕಲೀತಾಳಂತ ಅರಬಿ," ಎಂದು ನನ್ನ ಗಂಡ ನಕ್ಕರು. ಅವರು ವಿಜಯಪುರದವರು, ಕಾರು ಕಂಪನಿಯಲ್ಲಿ ಬ್ರೇಕಿನ ಎಂಜಿನಿಯರು. ನಾನು ಮೈಸೂರಿನವಳು, ಮೂತ್ರಪಿಂಡದ ಡಾಕ್ಟರು. ಬಂದ ರೋಗಿಗಳಿಗೆಲ್ಲ ಉಪ್ಪು ಕಡಿಮೆ ಮಾಡಿ, ಉಪ್ಪಿನಕಾಯಿ ಬಿಡಿ ಎಂದು ದಿನವಿಡೀ ಹೇಳುವುದೇ ನನ್ನ ಹೊಟ್ಟೆಪಾಡು. ಮನೆಗೆ ಬಂದ ಮೇಲೆ ಆ ಮಾತನ್ನು ನಾನು ಎತ್ತುವುದಿಲ್ಲ.

ಟೀಚರು ಆಗಸ್ಟಿನಲ್ಲಿ ಬಂದರು. ವಯಸ್ಸು ನನ್ನದೇ, ನಲವತ್ತರ ಮೇಲೆ. ತುಂಬಿದ ಮೈ, ಬೂದು ಬಣ್ಣದ ಉದ್ದ ಕೋಟು, ತಲೆಗೆ ನೀಟಾಗಿ ಪಿನ್ನು ಚುಚ್ಚಿದ ಸ್ಕಾರ್ಫು. ಸರಕಾರಿ ಹೆಣ್ಣುಮಕ್ಕಳ ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಹೇಳಿ ಹದವಾದ ಗಂಟಲು. ನಮ್ಮ ಅಡುಗೆಮನೆಯಲ್ಲಿ ನಿಂತು ಗುಡ್ ಮಾರ್ನಿಂಗ್ ಎಂದರೆ ಮಹಡಿಯ ಮೇಲೆ ಮಗಳಿಗೆ ಎಚ್ಚರವಾಗುತ್ತಿತ್ತು. ಅವರು ತಂದ ಎರಡು ಸೂಟ್‌ಕೇಸಿನಲ್ಲಿ ಒಂದರಲ್ಲಿ ಬಟ್ಟೆ, ಇನ್ನೊಂದರ ತುಂಬ ಆಲಿವ್ ಎಣ್ಣೆ, ಏಲಕ್ಕಿ ಹಾಕಿದ ಕಾಫಿಪುಡಿ, ಒಣಸೊಪ್ಪಿನ ಪುಡಿಗಳು. ಅದನ್ನು ನೋಡಿದ ಕೂಡಲೇ ಇವರು ನಮ್ಮವರೇ ಎಂದು ನನಗೆ ಅನ್ನಿಸಿಬಿಟ್ಟಿತು. ನಾವು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ತೂಕ ಹೆಚ್ಚಾಯಿತೆಂದು ಬಟ್ಟೆ ತೆಗೆದು ಚಟ್ನಿಪುಡಿ ಉಳಿಸಿಕೊಳ್ಳುವ ಜಾತಿ.

ಬಲವಂತ ಮಾಡಿ ಬಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂದುಕೊಂಡಿದ್ದೆ. ಮೊದಲ ದಿನ ಅವರು ಸಾಕು ಸಾಕು ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರೂ ಬಿಡದೆ ಮತ್ತೊಂದು ಸೌಟು ಹುಳಿ ಬಡಿಸಿದೆ. ಸಂಜೆ ಅವರು ಕಾಫಿ ಮಾಡಿದರು. ನನ್ನ ಪುಟ್ಟ ಲೋಟ ಬರಿದಾದ ಹಾಗೆಲ್ಲ ತುಂಬುತ್ತಲೇ ಹೋದರು. ಆ ರಾತ್ರಿ ಇಬ್ಬರಿಗೂ ನಿದ್ದೆ ಬರಲಿಲ್ಲ, ಅವರಿಗೆ ನನ್ನ ಹುಳಿಯಿಂದ, ನನಗೆ ಅವರ ಕಾಫಿಯಿಂದ. ಸ್ನೇಹ ಅಲ್ಲಿಂದ ಗಟ್ಟಿಯಾಯಿತು.

ನಮ್ಮ ಊರು ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಕಾರಿಲ್ಲದೆ ಹಾಲು ತರಲೂ ಆಗುವುದಿಲ್ಲ. ಆದ್ದರಿಂದ ಬೆಳಿಗ್ಗೆ ಮಗಳನ್ನೂ ಟೀಚರನ್ನೂ ಒಟ್ಟಿಗೆ ಶಾಲೆಗೆ ಬಿಡುವ ಕೆಲಸ ನನ್ನ ಗಂಡನದಾಯಿತು. ಮಗಳು ಹಿಂದಿನ ಸೀಟಿನಲ್ಲಿ ತಲೆ ಕಾಣದ ಹಾಗೆ ಜಾರಿ ಕೂರುತ್ತಿದ್ದಳು. ಶಾಲೆಯ ಪಾರ್ಕಿಂಗ್ ಲಾಟಿನ ತುದಿ ಬಂದ ಕೂಡಲೇ, "ಡ್ಯಾಡ್, ಸ್ಟಾಪ್ ಹಿಯರ್, ಪ್ಲೀಸ್," ಎಂದು ಇಳಿದು, ಗೊತ್ತೇ ಇಲ್ಲದವಳ ಹಾಗೆ ನಡೆದು ಹೋಗುತ್ತಿದ್ದಳು. ಮನೆಯಲ್ಲಿ ಆಂಟಿ, ಶಾಲೆಯಲ್ಲಿ ಮಿಸ್ ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದರು.

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಟೀಚರ ಮುಖ ಸಪ್ಪಗಾಗತೊಡಗಿತು. ಅವರ ಊರಿನಲ್ಲಿ ಅವರು ಬಾಗಿಲಿಗೆ ಬಂದರೆ ಇಡೀ ತರಗತಿ ಎದ್ದು ನಿಲ್ಲುತ್ತಿತ್ತಂತೆ. ಇಲ್ಲಿ ಚಿಪ್ಸ್ ತಿನ್ನುತ್ತಿದ್ದವನೊಬ್ಬ ಪಾಕೀಟನ್ನು ಅವರ ಕಡೆಗೇ ಚಾಚಿ, ಬೇಕಾ ಎಂದು ಕೇಳಿದ್ದನಂತೆ. ಅವರು ಬೋರ್ಡಿಗೆ ತಿರುಗಿದರೆ ಸಾಕು, ಹಿಂದಿನಿಂದ ನಗು. ಪಕ್ಕದ ಕೋಣೆಯ ಗಣಿತದ ಮೇಷ್ಟರು ಎರಡು ಸಲ ಬಂದು ಬಾಗಿಲು ಬಡಿದಿದ್ದರು. ಕೊನೆಗೆ ಪ್ರಿನ್ಸಿಪಾಲರು ಅವರನ್ನು ಕರೆದು ಮೆತ್ತಗೆ ಹೇಳಿದರು: ಚಳಿಗಾಲದ ರಜೆಯ ತನಕ ನೋಡೋಣ. ಅಷ್ಟರಲ್ಲಿ ತರಗತಿ ಹತೋಟಿಗೆ ಬರದಿದ್ದರೆ ಜನವರಿಯಿಂದ ಮಕ್ಕಳು ಕಂಪ್ಯೂಟರಿನಲ್ಲೇ ಅರಬಿ ಕಲಿಯುತ್ತಾರೆ, ನೀವು ಊರಿಗೆ ಹೋಗಬೇಕಾಗುತ್ತದೆ.

ಅದನ್ನು ನನಗೆ ಹೇಳುವಾಗ ಟೀಚರ ಗಂಟಲು ಮೊದಲ ಸಲ ಸಣ್ಣದಾಗಿತ್ತು. ಅವರು ಅಮೆರಿಕಕ್ಕೆ ಅರ್ಜಿ ಹಾಕಿದಾಗ ಅವರ ಹೆಡ್‌ಮಿಸ್ಟ್ರೆಸ್ಸು ಎಲ್ಲರ ಮುಂದೆಯೇ, ಇವಳು ಅರ್ಧ ವರ್ಷವೂ ನಿಲ್ಲುವುದಿಲ್ಲ ಎಂದಿದ್ದರಂತೆ. ಆದರೂ ಟೀಚರುಗಳೆಲ್ಲ ಸೇರಿ ದೊಡ್ಡ ಕೇಕು ತರಿಸಿ ಬೀಳ್ಕೊಟ್ಟಿದ್ದರು. "ಆ ಕೇಕು ತಿಂದವರ ಮುಂದೆ ಜನವರಿಯಲ್ಲೇ ಹೋಗಿ ಹೇಗೆ ನಿಲ್ಲಲಿ?" ಎಂದರು.

"ಗಲಾಟೆ ಮಾಡುವವರು ಯಾರು?" ನಾನು ಕೇಳಿದೆ.

ಅವರು ಲೋಟದೊಳಕ್ಕೆ ನೋಡಿದರು. "ಮಕ್ಕಳು," ಎಂದರು.

"ನಮ್ಮ ಮಗಳು ಹೇಗೆ?"

"ಮಾಶಾ ಅಲ್ಲಾ! ಇಡೀ ತರಗತಿಗೆ ಜೀವ ಅವಳು."

ನಾನು ಉಬ್ಬಿಹೋದೆ. ಆ ಶನಿವಾರ, ಎಲ್ಲರೂ ಒಂದೊಂದು ಅಡುಗೆ ತರುವ ಕನ್ನಡದವರ ಪಾಟ್‌ಲಕ್ಕಿನಲ್ಲಿ ಮೊಸರವಲಕ್ಕಿ ಬಡಿಸುತ್ತ, ನಮ್ಮ ಹುಡುಗಿ ಅರಬಿಯಲ್ಲಿ ಎಲ್ಲರಿಗಿಂತ ಮುಂದೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ.

ಮಗಳ ವಿಷಯ ಒಂದು ಹೇಳಬೇಕು. ಅವಳು ಚಿಕ್ಕಂದಿನಿಂದಲೂ ಯಾರನ್ನು ಬೇಕಾದರೂ ಅಣಕಿಸುತ್ತಾಳೆ. ಅಜ್ಜಿ ಫೋನಿನಲ್ಲಿ ಕೂಗುವುದು, ಅಪ್ಪ ರಿವರ್ಸ್ ತೆಗೆಯುವಾಗ ಗೊಣಗುವುದು, ದೇವಸ್ಥಾನದ ಭಟ್ಟರು ಕೆಮ್ಮಿನ ಮಧ್ಯೆ ಮಂತ್ರ ಹೇಳುವುದು, ಎಲ್ಲ ಬರುತ್ತಿತ್ತು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು, ರಾಜ್ಯೋತ್ಸವದ ಸ್ಟೇಜಿನ ಮೇಲೂ ಹತ್ತಿಸಿದ್ದೆವು. ಟೀಚರನ್ನು ಮಾತ್ರ ಅವಳು ಮನೆಯಲ್ಲಿ ಒಮ್ಮೆಯೂ ಅಣಕಿಸಲಿಲ್ಲ. ಎಂಥ ಮರ್ಯಾದೆ ಕಲಿಸಿದ್ದೇನೆ ಎಂದು ನಾನು ನನ್ನ ಬೆನ್ನನ್ನೇ ತಟ್ಟಿಕೊಂಡಿದ್ದೆ.

ಅಕ್ಟೋಬರಿನಲ್ಲಿ ಪೋಷಕರ ಸಭೆ ಬಂತು. ಇಲ್ಲಿ ಅದನ್ನು ಶಾಲೆಯ ಜಿಮ್ಮಿನಲ್ಲಿ ನಡೆಸುತ್ತಾರೆ. ಸಾಲಾಗಿ ಟೇಬಲ್ಲು, ಒಂದೊಂದು ಟೇಬಲ್ಲಿಗೆ ಒಬ್ಬೊಬ್ಬ ಟೀಚರು. ಕೆಲವು ನಿಮಿಷಕ್ಕೊಮ್ಮೆ ಗಂಟೆ ಹೊಡೆಯುತ್ತದೆ, ಒಬ್ಬರು ಎದ್ದು ಇನ್ನೊಬ್ಬರು ಕೂರಬೇಕು. ನಾನು ನಮ್ಮ ಮನೆಯ ಅತಿಥಿಯನ್ನು ಕಾಣುವುದಕ್ಕೂ ಆನ್‌ಲೈನಿನಲ್ಲಿ ಸಮಯ ಕಾದಿರಿಸಿ, ಅವರು ಬೆಳಿಗ್ಗೆ ಮರೆತು ಹೋದ ಚಿತ್ರಾನ್ನದ ಡಬ್ಬಿ ಹಿಡಿದು ಸರದಿಯಲ್ಲಿ ನಿಂತಿದ್ದೆ. ನನ್ನ ಮುಂದೆ ನಮ್ಮ ಸಬ್‌ಡಿವಿಷನ್ ಬಡಾವಣೆಯಲ್ಲೇ ಇರುವ ಹುಬ್ಬಳ್ಳಿಯ ಗೆಳತಿ ಇದ್ದರು. ಅವರ ಮಗನೂ ಅದೇ ಕ್ಲಾಸು.

"ಅಯ್ಯ, ನಿಮ್ಮ ಮಗಳು ಭಾಳ ಜೋರ್ ಅದಾಳ್ ನೋಡ್ರಿ!" ಎಂದರು ಅವರು ಮೆಚ್ಚಿಕೊಂಡು. "ಟೀಚರ್ ಬೋರ್ಡಿಗೆ ತಿರುಗಿದ್ರ ಸಾಕಂತ, ಎದ್ದು ನಿಂತು ಅವರಂಗ ನಡೀತಾಳಂತ, ಅವರಂಗ ಕೈ ತಿರುವ್ತಾಳಂತ. ಇಡೀ ಕ್ಲಾಸ್ ಬಿದ್ದು ಬಿದ್ದು ನಗ್ತದಂತ. ನಮ್ಮ ಹುಡುಗ ದಿನಾ ಮನಿಗೆ ಬಂದು ಅದನ್ನ ಹೇಳ್ತಾನ್ರಿ."

ಗಂಟೆ ಹೊಡೆಯಿತು. ನನ್ನ ಸರದಿ ಬರುವ ತನಕ ನಿಂತ ನೆಲ ಕುಸಿಯಬಾರದೇ ಅನ್ನಿಸುತ್ತಿತ್ತು.

ಟೀಚರು ನನ್ನನ್ನು ಕಂಡು ಎದ್ದು ನಿಂತರು. ಬೆಳಿಗ್ಗೆ ತಾನೇ ನನ್ನ ಜೊತೆ ನೈಟಿಯಲ್ಲಿ ಕೂತು ಟೀ ಕುಡಿದವರು ಈಗ ಗಂಭೀರವಾಗಿ, "ನಿಮ್ಮ ಮಗಳು ಬಹಳ ಚುರುಕು," ಎಂದು ಶುರು ಮಾಡಿದರು.

"ನನಗೆಲ್ಲ ಗೊತ್ತಾಯಿತು," ಎಂದೆ. "ಅವಳ ಹೆಸರನ್ನು ಯಾಕೆ ಆಫೀಸಿಗೆ ಬರೆದು ಕಳಿಸಲಿಲ್ಲ? ನನಗಾದರೂ ಯಾಕೆ ಹೇಳಲಿಲ್ಲ?"

ಅವರು ಚಿತ್ರಾನ್ನದ ಡಬ್ಬಿಯ ಮೇಲೆ ಕೈಯಿಟ್ಟರು. "ನಾನು ನಿಮ್ಮ ಮನೆಯ ರೊಟ್ಟಿ ತಿಂದಿದ್ದೇನೆ, ಉಪ್ಪು ತಿಂದಿದ್ದೇನೆ. ತಿಂದ ಮನೆಯ ಹುಡುಗಿಯ ಮೇಲೆ ದೂರು ಬರೆಯುವುದು ನಮ್ಮ ಕಡೆ ಇಲ್ಲ."

"ಹಾಗಾದರೆ ಬೇರೆಯವರ ಮೇಲಾದರೂ ಬರೆಯಿರಿ!"

"ಅವಳನ್ನು ಬಿಟ್ಟು ಬೇರೆಯವರ ಮೇಲೆ ಹೇಗೆ ಬರೆಯಲಿ? ಅದು ನ್ಯಾಯವೇ?"

ಮತ್ತೆ ಗಂಟೆ ಹೊಡೆಯಿತು. ಉಪ್ಪಿನ ಋಣ ಎಂದು ಕೇಳಿಕೊಂಡೇ ಬೆಳೆದವಳು ನಾನು. ಬೇರೆ ಯಾರಾದರೂ ಹೀಗೆ ನಡೆದುಕೊಂಡಿದ್ದರೆ ಎಂಥ ದೊಡ್ಡ ಮನಸ್ಸು ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಈಗ ಮಾತ್ರ ಮೈ ಉರಿಯಿತು.

ಆ ಸಂಜೆ ಮಗಳಿಗೆ ಸಹಸ್ರನಾಮ ಮಾಡಿದೆ. ಅವಳು ತಣ್ಣಗೆ, "ಇಟ್ಸ್ ಜಸ್ಟ್ ಎ ಜೋಕ್, ಮಾಮ್. ಶಿ ಡಸಂಟ್ ಮೈಂಡ್," ಎಂದಳು. ಅವಳ ಲೆಕ್ಕ ನೇರವಾಗಿತ್ತು. ಟೀಚರಿಗೆ ಬೇಸರವಾಗಿದ್ದರೆ ರೆಫರಲ್ ಬರೆಯುತ್ತಿದ್ದರು. ಬರೆದಿಲ್ಲ, ಆದ್ದರಿಂದ ಬೇಸರವಿಲ್ಲ. ರೆಫರಲ್ ಎಂದರೆ ಇಲ್ಲಿ ತಂಟೆ ಮಾಡಿದ ಮಕ್ಕಳ ಹೆಸರು ಬರೆದು ಆಫೀಸಿಗೆ ಕಳಿಸುವ ಚೀಟಿ. ಅದು ಬರುವ ತನಕ ಏನೂ ಆಗಿಲ್ಲ ಎಂದೇ ಇಲ್ಲಿನ ಮಕ್ಕಳು ತಿಳಿಯುತ್ತಾರೆ. ಅಮ್ಮನ ಬೈಗುಳಕ್ಕೆ ಅಂಥ ಬೆಲೆ ಇಲ್ಲ. ಫೋನು ಕಿತ್ತುಕೊಂಡೆ. ಎರಡು ದಿನ ತೆಪ್ಪಗಿದ್ದಳು, ಮೂರನೆಯ ದಿನ ಗಣಿತದ ಮೇಷ್ಟರು ಮತ್ತೆ ಬಾಗಿಲು ಬಡಿದರಂತೆ.

ನವೆಂಬರ್ ಬಂತು. ರಜೆ ಹತ್ತಿರವಾಗುತ್ತಿತ್ತು. ಒಂದು ಭಾನುವಾರ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ನನಗೆ ಹೊಳೆಯಿತು. ಉಪ್ಪೇ ಅಡ್ಡಿಯಾಗಿದ್ದರೆ ಉಪ್ಪು ಹಾಕದಿದ್ದರಾಯಿತು! ಇಂಥ ಉಪಾಯ ಮೂತ್ರಪಿಂಡದ ಡಾಕ್ಟರಿಗಲ್ಲದೆ ಬೇರೆ ಯಾರಿಗೂ ಹೊಳೆಯಲಾರದು. ತಿಂದ ಉಪ್ಪು ಮೈಯಲ್ಲಿ ಎಷ್ಟು ದಿನ ಕೂರುತ್ತದೆ? ಹೊಸದು ಹೋಗದಿದ್ದರೆ ಹಳೆಯದು ಕೆಲವೇ ದಿನಗಳಲ್ಲಿ ಇಳಿದುಹೋಗುತ್ತದೆ. ಶುಕ್ರವಾರದ ಹೊತ್ತಿಗೆ ಟೀಚರು ಋಣಮುಕ್ತರು, ಪೆನ್ನು ಎತ್ತಿಕೊಂಡು ಬರೆಯಬಹುದು. ಈಗ ಹೇಳಿದರೆ ನಗು ಬರುತ್ತದೆ. ಆಗ ನಾನು ನಿಜಕ್ಕೂ ಹಾಗೆಯೇ ಯೋಚಿಸಿದ್ದೆ.

ಸೋಮವಾರ ಸಪ್ಪೆ ಸಾರು, ಸಪ್ಪೆ ಪಲ್ಯ. ಗಂಡ ಮೊದಲ ತುತ್ತಿಗೇ ಕೈ ನಿಲ್ಲಿಸಿದರು.

"ಏನ ಇದು? ಉಪ್ಪ ಹಾಕೂದ ಮರತಿ ಏನ?"

"ಮರೆತಿಲ್ಲ ಕಣ್ರೀ. ಸುಮ್ನೆ ಊಟ ಮಾಡಿ."

ಟೀಚರು, "ಬಹಳ ರುಚಿಯಾಗಿದೆ," ಎಂದು ಇನ್ನೊಂದು ಸಲ ಹಾಕಿಸಿಕೊಂಡರು. ಅತಿಥಿ ಎಂದರೆ ಅಂಥವರು.

ಮಂಗಳವಾರ ಉಪ್ಪಿಲ್ಲದ ಉಪ್ಪಿಟ್ಟು. ಬುಧವಾರ ಉಪ್ಪಿಲ್ಲದ ಬೇಳೆಹುಳಿ. ಶೇಂಗಾ ಚಟ್ನಿಪುಡಿಯನ್ನೂ ಉಪ್ಪಿನಕಾಯಿಯನ್ನೂ ಬೀರುವಿಗೆ ಹಾಕಿ ಬೀಗ ಜಡಿದೆ. ಸೋಮವಾರ ರಾತ್ರಿಯೇ ಗಂಡನಿಗೆ ಎಲ್ಲವನ್ನೂ ಗುಟ್ಟಾಗಿ ಹೇಳಿದ್ದೆ, ಪಾಪ, ಒಪ್ಪಿಕೊಂಡಿದ್ದರು. ಆದರೆ ಒಂದು ಸಂಜೆ ಗರಾಜಿನಲ್ಲಿ ಲೈಟು ಉರಿಯುತ್ತಿದೆಯಲ್ಲ ಎಂದು ಹೋಗಿ ನೋಡಿದರೆ ಕಾರಿನೊಳಗೆ ಕೂತು ಬ್ರೆಡ್ಡಿಗೆ ಮಾವಿನಕಾಯಿ ಉಪ್ಪಿನಕಾಯಿ ಹಚ್ಚಿಕೊಂಡು ತಿನ್ನುತ್ತಿದ್ದರು. ಬಾಟಲಿಯನ್ನು ಗ್ಲವ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದರು.

ಟೀಚರಿಗೆ ಬೇರೆಯೇ ಅನುಮಾನ ಬಂದಿತ್ತು. ನನ್ನನ್ನು ಪಕ್ಕಕ್ಕೆ ಕರೆದು, "ಬಿ.ಪಿ. ಯಾರಿಗೆ?" ಎಂದು ಪಿಸುಗುಟ್ಟಿದರು. ನಾನು ತಬ್ಬಿಬ್ಬಾಗಿ ಗಂಡನ ಕಡೆ ನೋಡಿದೆ. ಅಷ್ಟೇ ಸಾಕಾಯಿತು. ಅಂದಿನಿಂದ ಸಂಜೆ ಅವರು ನನ್ನ ಗಂಡನಿಗೆ ಕೋಟು ಹಾಕಿಸಿ, ಫ್ಯಾರನ್‌ಹೀಟಿನ ಮೂವತ್ತೈದು ಡಿಗ್ರಿ ಚಳಿಯಲ್ಲಿ ಸಬ್‌ಡಿವಿಷನ್ನಿನ ಸುತ್ತ ನಡೆಸತೊಡಗಿದರು. ಸಿಟ್ಟು ಮಾಡಿಕೊಳ್ಳಬೇಡಿ, ದೇವರು ದೊಡ್ಡವನು ಎಂದು ದಾರಿಯುದ್ದಕ್ಕೂ ಧೈರ್ಯ ಹೇಳುತ್ತಿದ್ದರಂತೆ. ಮೇಲ್‌ಬಾಕ್ಸಿಗೂ ಕಾರಿನಲ್ಲೇ ಹೋಗುವ ಮನುಷ್ಯ ನನ್ನ ಗಂಡ.

ಗುರುವಾರ ರಾತ್ರಿ ಸಪ್ಪೆ ಬದನೆಕಾಯಿ ಎಣಗಾಯಿ ಬಡಿಸಿದಾಗ ಅವರ ಸಹನೆ ಹರಿಯಿತು. ವಿಜಯಪುರದವರಿಗೆ ಎಣಗಾಯಿಯಲ್ಲಿ ಮೋಸ ಮಾಡಬಾರದಿತ್ತು. ತಾಟು ದೂಡಿ, ಮಗಳ ಕಡೆ ಕೈ ತೋರಿಸಿ, "ಈಕಿ ಕ್ಲಾಸಿನ್ಯಾಗ ಮಂಗ್ಯಾನಾಟ ಆಡೂದಕ್ಕ ನಾ ಯಾಕ ಸಪ್ಪನ್ನ ಉಣ್ಣಬೇಕು?" ಎಂದು ಕೂಗಿದರು.

ಮಗಳು ಕನ್ನಡ ಆಡುವುದಿಲ್ಲ, ಅರ್ಥವೆಲ್ಲ ಆಗುತ್ತದೆ. "ವೇಟ್, ವಾಟ್?" ಎಂದಳು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಟೀಚರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಎಲ್ಲವನ್ನೂ ಹೇಳಿದೆ. ಉಪ್ಪಿನ ಋಣ, ಬರೆಯದ ರೆಫರಲ್, ಜನವರಿ, ಮೂತ್ರಪಿಂಡ, ಎಲ್ಲ.

ಟೀಚರು ನಕ್ಕರು. ಮೇಜು ಬಡಿದು, ಸ್ಕಾರ್ಫಿನ ತುದಿಯಿಂದ ಕಣ್ಣು ಒರೆಸಿಕೊಂಡು ನಕ್ಕರು. ಆಮೇಲೆ ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು ಒಬ್ಬೊಬ್ಬರ ತಟ್ಟೆಗೂ ತಾವೇ ಉದುರಿಸಿದರು. "ಉಪ್ಪು ಹಾಕದಿದ್ದರೇನು, ಬಡಿಸಿದ ಕೈ ನಿಮ್ಮದೇ ಅಲ್ಲವೇ?" ಎಂದರು.

ಮಗಳು ಮಾತ್ರ ನಗಲಿಲ್ಲ. "ಶಿ ಮೈಂಡೆಡ್?" ಎಂದು ನನ್ನನ್ನು ಕೇಳಿದಳು. "ಆಲ್ ದಿಸ್ ಟೈಮ್ ಶಿ ಮೈಂಡೆಡ್?" ಅವಳ ಮುಖ ಕೆಂಪಾಗಿತ್ತು. ತಟ್ಟೆ ತೊಳೆದಿಟ್ಟು, "ಸಾರಿ, ಆಂಟಿ," ಎಂದು ಮಹಡಿ ಹತ್ತಿ ಹೋದಳು.

ಅವಳು ಅಣಕ ನಿಲ್ಲಿಸಿದಳು. ತರಗತಿ ನಿಲ್ಲಿಸಲಿಲ್ಲ. ಈ ಟೀಚರು ಯಾರ ಹೆಸರನ್ನೂ ಬರೆಯುವುದಿಲ್ಲ ಎಂಬುದು ಆಗಲೇ ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು. ಹುಬ್ಬಳ್ಳಿಯವರ ಮಗನೇ ಈಗ ಮುಂದಾಳು. ರಜೆ ಹತ್ತಿರ ಬಂದೇಬಂತು. ಟೀಚರು ಖಾಲಿ ಸೂಟ್‌ಕೇಸನ್ನು ಮಂಚದ ಕೆಳಗಿನಿಂದ ಎಳೆದು ಧೂಳು ಒರೆಸಿಟ್ಟದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಕ್ಲಿನಿಕ್ಕಿಗೆ ರಜೆ ಹಾಕಿ ನೇರ ಪ್ರಿನ್ಸಿಪಾಲರ ಕೋಣೆಗೆ ಹೋದೆ.

"ಅವರು ಒಳ್ಳೆಯ ಟೀಚರು," ಎಂದೆ. "ನಮ್ಮ ಮನೆಯಲ್ಲಿ ಊಟ ಮಾಡುತ್ತಾರೆಂದು ನಮ್ಮ ಮಗಳನ್ನು ಬರೆಯುತ್ತಿಲ್ಲ. ಅವಳನ್ನು ಬರೆಯದೆ ಬೇರೆ ಯಾರನ್ನೂ ಬರೆಯುವುದಿಲ್ಲ. ನೀವೇ ಅವರಿಗೆ ಹೇಳಿ, ಬರೆಯಲೇಬೇಕು ಅಂತ."

ಪ್ರಿನ್ಸಿಪಾಲರು ಗಮನವಿಟ್ಟು ಕೇಳಿದರು. ತಲೆದೂಗಿದರು. ಇದನ್ನು ನಾವೇ ಮೊದಲು ಯೋಚಿಸಬೇಕಿತ್ತು ಎಂದು ಕ್ಷಮೆ ಕೇಳಿದರು. ಮತ್ತೆ ಅತ್ಯಂತ ಸಲೀಸಾಗಿ ಪರಿಹಾರ ಹೇಳಿದರು: ಟೀಚರು ವಿದ್ಯಾರ್ಥಿಯ ಮನೆಯಲ್ಲಿರುವುದೇ ಸರಿಯಲ್ಲ. ಹತ್ತಿರದ ನಾರ್ತ್‌ವಿಲ್‌ನಲ್ಲಿ ರಿಟೈರಾದ ದಂಪತಿ ಇದ್ದಾರೆ, ಒಳ್ಳೆಯ ಜನ. ಶನಿವಾರವೇ ಅಲ್ಲಿಗೆ ಹೋಗಲಿ. ಉಳಿದ ದಿನಗಳಲ್ಲಿ ತರಗತಿ ಹೇಗೆ ನಡೆಯುತ್ತದೆ ನೋಡೋಣ.

ಟೀಚರನ್ನು ಉಳಿಸಲು ಹೋದವಳು ಮನೆಯಿಂದ ಕಳೆದುಕೊಂಡು ಬಂದೆ. ದಾರಿಯಲ್ಲಿ ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ಟು ತಪ್ಪಿ ಎಲ್ಲೆಲ್ಲೋ ಸುತ್ತಿದೆ. ವಿಷಯ ಕೇಳಿ ಟೀಚರು, "ಸರಿಯಾಗಿಯೇ ಮಾಡಿದಿರಿ," ಎಂದರು. ನನಗೆ ಹಾಗೇನೂ ಅನ್ನಿಸುತ್ತಿರಲಿಲ್ಲ.

ಶನಿವಾರ ಅವರು ಹೊರಟಾಗ ಚಟ್ನಿಪುಡಿ, ಕೋಡುಬಳೆ, ಮೆಂತ್ಯದ ಹಿಟ್ಟು ಎಲ್ಲ ಕಟ್ಟಿ ತಂದೆ. ಅವರು ಎದೆಯ ಮೇಲೆ ಕೈಯಿಟ್ಟು ಹಿಂದೆ ಸರಿದರು. ಈ ಸಲ ಉಪಚಾರಕ್ಕಲ್ಲ. "ಜೂನಿನಲ್ಲಿ ಶಾಲೆ ಮುಗಿಯುವ ತನಕ ನಿಮ್ಮ ಕೈಯಿಂದ ಒಂದು ತುತ್ತೂ ಬೇಡ. ತಿಂದರೆ ನನಗೆ ಬರೆಯಲು ಕೈ ಬರುವುದಿಲ್ಲ." ಕಟ್ಟಿದ್ದನ್ನೆಲ್ಲ ನಾನು ಬಿಚ್ಚಿ ವಾಪಸು ಇಟ್ಟೆ.

ಸೋಮವಾರ ಮಗಳು ಮನೆಗೆ ಬಂದವಳೇ ಹಳದಿ ಚೀಟಿಯೊಂದನ್ನು ನನ್ನ ಮುಂದೆ ಹಿಡಿದಳು. ರೆಫರಲ್! ಟೀಚರು ಬೋರ್ಡಿಗೆ ತಿರುಗಿದಾಗ ಎದ್ದು ಅವರ ಹಾಗೆ ನಡೆದಳಂತೆ. ಟೀಚರು ಹಿಂದಿರುಗಿ ನೋಡಿ, ಎಲ್ಲರೆದುರಿಗೆ ಬರೆದು ಕೈಗೆ ಕೊಟ್ಟರಂತೆ. ತರಗತಿ ಗಪ್‌ಚಿಪ್.

"ನಿಲ್ಸಿದ್ಯಲ್ಲೇ ಅದನ್ನ? ಬೇಕಂತಲೇ ಮಾಡಿದ್ಯಾ?" ಎಂದು ಕೇಳಿದೆ.

ಅವಳು ಭುಜ ಕುಣಿಸಿದಳು. "ಸಮ್‌ಬಡಿ ಹ್ಯಾಡ್ ಟು ಗೋ ಫಸ್ಟ್," ಎಂದು ಬಾಳೆಹಣ್ಣು ಸುಲಿದುಕೊಂಡಳು. ಶಾಲೆಯ ಆಫೀಸಿನಿಂದ ಒಬ್ಬಾಕೆ ಫೋನ್ ಮಾಡಿ, ಗಾಬರಿಯಾಗಬೇಡಿ, ಇದು ಮೊದಲ ಸಲ ಎಂದು ಸಮಾಧಾನ ಹೇಳಿದರು. ಥ್ಯಾಂಕ್ ಯೂ, ಥ್ಯಾಂಕ್ ಯೂ ಸೋ ಮಚ್ ಎಂದು ನಾನು ಎಷ್ಟು ಸಲ ಹೇಳಿದೆನೋ, ಆಕೆ ಗಲಿಬಿಲಿಯಾಗಿ ಫೋನಿಟ್ಟರು. ಮರುದಿನ ಹುಬ್ಬಳ್ಳಿಯವರ ಮಗನಿಗೂ ಒಂದು ಚೀಟಿ ಹೋಯಿತು.

ರಜೆಗೆ ಮುಂಚಿನ ದಿನ ಸಂಜೆ ಟೀಚರ ಫೋನು ಬಂತು. ಪ್ರಿನ್ಸಿಪಾಲರು ಬಂದು ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಿದರಂತೆ. ಊರಿಗೆ ಹೋಗಬೇಕಿಲ್ಲ, ಜೂನ್ ತನಕ ಇರುತ್ತೇನೆ ಎಂದರು ಟೀಚರು. ನಾನು ಕೂಗಿದ ಕೂಗಿಗೆ ಗಂಡ ಗರಾಜಿನಿಂದ ಓಡಿ ಬಂದರು. ಆಮೇಲೆ ಟೀಚರು ದನಿ ಬದಲಾಯಿಸಿ, "ಈಗ ನಿಮ್ಮ ಮಗಳ ಟೀಚರಾಗಿ ಮಾತಾಡುತ್ತೇನೆ," ಎಂದು ಆಗಸ್ಟಿನಿಂದ ಒಳಗಿಟ್ಟುಕೊಂಡಿದ್ದ ದೂರುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದರು. ಚೂಯಿಂಗ್ ಗಮ್ಮು, ಮಾಡದ ಹೋಂವರ್ಕು, ಕದ್ದು ನೋಡುವ ಫೋನು. ನಾನು ಒಲೆಯ ಮುಂದೆ ನೆಟ್ಟಗೆ ನಿಂತು, ಹೌದು ಟೀಚರ್, ಹೌದು ಟೀಚರ್ ಎನ್ನುತ್ತಿದ್ದೆ. ಬೈಸಿಕೊಳ್ಳುವುದರಲ್ಲಿ ಅಷ್ಟು ಸುಖವಿದೆ ಎಂದು ನನಗೆ ಗೊತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ಬಾಯಿತಪ್ಪಿ, "ಊಟ ಆಯಿತೇ?" ಎಂದು ಕೇಳಿಬಿಟ್ಟೆ.

"ಇಲ್ಲಿ ಐದೂವರೆಗೇ ಊಟ," ಎಂದರು. "ಬೇಯಿಸಿದ ಹುರುಳಿಕಾಯಿ, ಒಂದು ಆಲೂಗಡ್ಡೆ. ಒಳ್ಳೆಯ ಜನ, ಪಾಪ. ಸಾಕೇ ಅಂದರು, ನಮ್ಮ ಅಭ್ಯಾಸದಂತೆ ಸಾಕು ಅಂದೆ. ಎತ್ತಿಟ್ಟುಬಿಟ್ಟರು." ಆಮೇಲೆ ದನಿ ತಗ್ಗಿಸಿ, "ಹಸಿವಾಗುತ್ತಿದೆ," ಎಂದರು.

ಒಲೆಯ ಮೇಲೆ ಬಿಸಿಬೇಳೆಬಾತು ಆಗಷ್ಟೇ ಇಳಿಯುವುದರಲ್ಲಿತ್ತು. ಗಂಡ ಆಗಲೇ ಕಾರಿನ ಕೀ ಕೈಗೆತ್ತಿಕೊಂಡು, "ಇಪ್ಪತ್ತು ಮಿನಿಟ್ ಆಗ್ತದ, ಡಬ್ಬಿ ತುಂಬು," ಎಂದರು. ಮಗಳು ಎದ್ದು ಹೋಗಿ ದೊಡ್ಡ ಡಬ್ಬಿಯನ್ನೇ ತೆಗೆದಳು. ಸೌಟು ಹಿಡಿದ ಮೇಲೆ ನನಗೆ ಜೂನ್ ನೆನಪಾಯಿತು. ಆಮೇಲೆ ಡಬ್ಬಿಯ ಮುಚ್ಚಳ ಹಾಕಿ ಖಾಲಿಯಾಗಿಯೇ ಕಪಾಟಿಗೆ ಸೇರಿಸಿದೆ, ಗಂಡನ ಕೈಯಿಂದ ಕೀ ಇಸಿದುಕೊಂಡು ಮೊಳೆಗೆ ನೇತುಹಾಕಿದೆ. ಹಸಿವು ಎಂದವರಿಗೆ ನಾನು ಊಟ ಕಳಿಸದೆ ಇದ್ದದ್ದು ಅದೇ ಮೊದಲು. ಬಿಸಿಬೇ‌ಳೆಬಾತು ಚೆನ್ನಾಗಿಯೇ ಆಗಿತ್ತು, ಆದರೆ ಆ ದಿನ ನಮ್ಮಲ್ಲಿ ಯಾರೂ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ.